ಡಾಕ್ಟರ ಬೆನ್ನ ಹಿಂದೆ ನಲವತ್ತು ಗಂಟೆ

"ನೀವು ಮೊದಲು," ಎಂದು ಡಾಕ್ಟರು ಆರನೇ ದಿನವೂ ವಾರ್ಡಿನ ಬಾಗಿಲು ಹಿಡಿದು ನಿಂತಾಗ ಮಾರ್ನಿ ಕೋವಾಚ್‌ಗೆ ಸಂಶಯವೇ ಉಳಿಯಲಿಲ್ಲ. ಈ ನರೆತ ಗಡ್ಡದ ಮನುಷ್ಯ ತನ್ನನ್ನು ಪರೀಕ್ಷಿಸುತ್ತಿದ್ದಾರೆ.

ಪರೀಕ್ಷಿಸಲಿ. ಸಹಿಯೊಂದು ಸಿಕ್ಕರೆ ಸಾಕು.

ಪದವಿಯ ನಾಲ್ಕು ವರ್ಷ ಅವಳು ಮಂಜುಗಡ್ಡೆಯ ಮೇಲಿನ ಹಾಕಿ ಆಟದಲ್ಲೇ ಮುಳುಗಿ, ರಸಾಯನಶಾಸ್ತ್ರದಲ್ಲಿ ಮಕಾಡೆ ಬಿದ್ದಿದ್ದಳು. ಅಂಥ ಅಂಕಪಟ್ಟಿಗೆ ಯಾವ ಮೆಡಿಕಲ್ ಕಾಲೇಜೂ ಬಾಗಿಲು ತೆರೆಯುವುದಿಲ್ಲ. ಆ ಕಲೆ ತೊಳೆಯಲು ಎರಡು ವರ್ಷ ಟೊಲೀಡೊ ಊರಿನ ಡೋನಟ್ ಅಂಗಡಿಯಲ್ಲಿ ದುಡಿಯುತ್ತ, ಅದೇ ಪಾಠಗಳಿಗೆ ಮತ್ತೆ ಕೂತು, ಎಲ್ಲದರಲ್ಲೂ ಎ ದರ್ಜೆ ತಂದಳು. ಉಳಿದದ್ದು ಒಂದೇ: ಆಸ್ಪತ್ರೆಯಲ್ಲಿ ವೈದ್ಯರೊಬ್ಬರ ಕೆಲಸ ನೋಡುತ್ತ ಅವರ ಹಿಂದೆ ನಲವತ್ತು ಗಂಟೆ ಸುತ್ತಿ, ಅದಕ್ಕೆ ಅವರ ಸಹಿ ಪಡೆಯುವುದು. ಅರ್ಜಿಯ ಗಡುವು ಇವತ್ತು ಸಂಜೆ ಐದಕ್ಕೆ.

ಮೊದಲ ದಿನ ಸ್ವಾಗತದ ಮೇಜಿನವಳು ತಲೆ ಎತ್ತದೆ ಹೇಳಿದ್ದಳು: "ಡಾಕ್ಟ್ರು ಲಿಫ್ಟ್ ಹತ್ರ ಬಿಳಿ ಕೋಟ್ ಹಾಕ್ಕೊಂಡು ನಿಂತಿರ್ತಾರೆ. ಜೊತೇಲೇ ಹೋಗಿ. ಏನೂ ಮುಟ್ಬೇಡಿ." ಮಾರ್ನಿ ಕಾಲೇಜಿನ ಪ್ರಯೋಗಾಲಯದ ಬಿಳಿ ಕೋಟು ತೊಟ್ಟು ಹೋದಳು. ಲಿಫ್ಟಿನ ಬಳಿ ಬಿಳಿ ಕೋಟಿನಲ್ಲಿ ಅವರು ನಿಂತಿದ್ದರು. ಗೌರವದಿಂದ ತಲೆಬಾಗಿದರು.

ಎಂಥ ವಿನಯ! ನರ್ಸ್ ವಾಂಡಾ ಎದುರಾದಾಗಲೆಲ್ಲ ಗದರುತ್ತಿದ್ದಳು: "ಬಂತು ನೋಡಿ ಜೋಡಿ! ಗೋಡೆಗೆ ಅಂಟ್ಕೊಳ್ಳಿ ಇಬ್ರೂ, ಕೆಲಸ ಇರೋರು ಹೋಗ್ಬೇಕು." ಮಾರ್ನಿಗೆ ರೇಗುತ್ತಿತ್ತು. ಅವರು ಮಾತ್ರ ತೆಪ್ಪಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಒಂಬತ್ತನೇ ಹಾಸಿಗೆಯ ಮುದುಕ ಬ್ರಿಲ್ ಇವತ್ತೂ ಕೇಳಿದ: "ಕಾಲು ಯಾಕ್ರೀ ಹೀಗೆ ಊದ್ಕೊಂಡಿದೆ?"

ಡಾಕ್ಟರು ಮಾರ್ನಿಯತ್ತ ತಿರುಗಿದರು. "ನೀವೇ ಹೇಳಿ, ಡಾಕ್ಟರ್."

ಡಾಕ್ಟರ್! ಹುರಿದುಂಬಿಸುವ ರೀತಿ ನೋಡಿ. ಹೃದಯ, ಮೂತ್ರಪಿಂಡ, ಉಪ್ಪು, ನೀರು — ಎರಡು ವರ್ಷ ಅರೆದು ಕುಡಿದದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಒಪ್ಪಿಸಿದಳು. ಅವರು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಅಂಕ ಹಾಕುತ್ತಿದ್ದಾರೆ!

"ನೀವಿಬ್ರೇ ಕಣ್ರಿ ನನ್ ಹತ್ರ ಇಷ್ಟ್ ಹೊತ್ತು ನಿಲ್ಲೋದು," ಎಂದ ಬ್ರಿಲ್. "ಮಿಕ್ಕ ಡಾಕ್ಟ್ರುಗಳು ಬರ್ತಾರೆ, ಒತ್ತಿ ನೋಡ್ತಾರೆ, ಓಡ್ತಾರೆ. ನೀವು ಮುಟ್ಟೋದೂ ಇಲ್ಲ, ಪಾಪ."

ನಾಲ್ಕು ಗಂಟೆ. ನಾಲ್ಕೂಕಾಲು. ಸಹಿ ಕೇಳಲು ಬಾಯಿ ಬಾರದೆ ಮಾರ್ನಿ ಅದೇ ಕಾರಿಡಾರನ್ನು ಮೂರು ಸಲ ಸುತ್ತಿದಳು. ಅವರೂ ಸುತ್ತಿದರು. ಅವರೂ ಗಡಿಯಾರ ನೋಡುತ್ತಿದ್ದರು.

ನಾಲ್ಕೂವರೆಗೆ ಅವಳು ಕಣ್ಣು ಮುಚ್ಚಿ ಕಾಗದ ಚಾಚಿದಳು. "ನಲವತ್ತು ಗಂಟೆ ಆಯ್ತು, ಡಾಕ್ಟರ್. ಒಂದ್ ಸಹಿ ಹಾಕ್ಕೊಡಿ. ಇಲ್ಲಾಂದ್ರೆ ಎರಡು ವರ್ಷ ಓದಿದ್ದೆಲ್ಲ ನೀರಲ್ಲಿ ಹೋಮ."

ಕಣ್ಣು ತೆರೆದಳು. ಅವರ ಮುಖ ಸುಣ್ಣದಂತೆ ಬಿಳುಚಿತ್ತು. ಕೈಯಲ್ಲಿ, ಅವಳ ಕಡೆಗೇ ಚಾಚಿದ, ಅದೇ ನಮೂನೆಯ ಇನ್ನೊಂದು ಕಾಗದವಿತ್ತು; ಅದರಲ್ಲೂ ವೈದ್ಯರ ಸಹಿಯ ಜಾಗ ಖಾಲಿ.