ಹಿಮದಲ್ಲಿ ಉಪ್ಪುಮೂಟೆ

ಗಲ್ಫ್ ನಾಡಿನ ಜೆಬೆಲ್ ಜೈಸ್ ಬೆಟ್ಟದ ತಿರುವಿನಲ್ಲಿ ಪೊಲೀಸರು ಕಾರು ತಡೆದರು. ಮೇಲೆ ಹಿಮ ಬಿದ್ದಿದೆ, ರಸ್ತೆ ಬಂದ್ ಎಂದರು. ಸುಸನ್ ಕಾರನ್ನು ಬದಿಗೆ ನಿಲ್ಲಿಸಿದಳು. ಅವಳೂ ಐಸಮ್ಮನೂ ಆಡುಗಳು ನಡೆದ ಜಾಡು ಹಿಡಿದು ಹತ್ತತೊಡಗಿದರು.

ಸುಸನ್ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಆರು ರಾತ್ರಿಯ ಪಾಳಿ ಮುಗಿಸಿ ನಿದ್ದೆಗೆಟ್ಟ ಕಣ್ಣಲ್ಲೇ ಬಂದಿದ್ದಳು. ಗೆಳತಿ ಐಸಮ್ಮ ಬರುವ ಗುರುವಾರ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೊರಡುವವಳಿದ್ದಳು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಅಡುಗೆ ಮಾಡಿದವಳು, ಹೋಗುವ ಮೊದಲು ಹಿಮ ನೋಡಬೇಕೆಂದಿದ್ದಳು.

ಎರಡು ಗಂಟೆ ಹತ್ತಿದ ಮೇಲೆ ಇಡೀ ಇಳಿಜಾರೇ ಬೆಳ್ಳಗೆ ಕಂಡಿತು. ಐಸಮ್ಮ ಒಂದು ಹಿಡಿ ಹಿಮ ತೆಗೆದು ಕೆನ್ನೆಗೆ ಒತ್ತಿಕೊಂಡಳು.

"ಸಾಕಾ? ಇಳಿಯುವನಾ?" ಸುಸನ್ ಕೇಳಿದಳು.

"ಇಷ್ಟು ದೂರ ಬಂದು? ತುದಿವರೆಗೆ ಹೋಗುವ ಮಾರಾಯ್ತಿ."

ಹತ್ತು ಹೆಜ್ಜೆ ಇಟ್ಟು ಐಸಮ್ಮ ನಿಂತಳು. ಮತ್ತೆ ಐದು. ಆಮೇಲೆ ಬಂಡೆಯ ಮೇಲೆ ಕುಳಿತವಳು ಏಳಲಿಲ್ಲ. "ಎಂತದೂ ಇಲ್ಲ, ಗ್ಯಾಸ್ ಆದದ್ದು," ಎಂದಳು. ಆ ಚಳಿಯಲ್ಲೂ ಅವಳ ಹಣೆ ಬೆವರಿತ್ತು. ಎಡತೋಳನ್ನು ಒತ್ತಿ ಹಿಡಿದಿದ್ದಳು. ಸುಸನ್ ನಾಡಿ ನೋಡಿದಳು; ಅದು ಎಡವುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

"ಅಲುಗಾಡದೆ ಕೂತಿರು. ಓಡಿ ಹೋಗಿ ಪೊಲೀಸರನ್ನು ಕರ್ಕೊಂಡು ಬರ್ತೇನೆ."

ಐಸಮ್ಮ ಅವಳ ಕೋಟಿನ ತುದಿ ಹಿಡಿದುಕೊಂಡಳು. "ಒಬ್ಬಳನ್ನೇ ಬಿಟ್ಟು ಹೋಗ್ಬೇಡ ಸುಸನ್. ಎಂತ ಆಗುವುದಿದ್ರೂ ನಿನ್ನ ಎದುರೇ ಆಗ್ಲಿ."

ರಜೆಯ ದಿನವೂ ಬೆನ್ನು ಬಿಡದ ಈ ಕೆಲಸದ ಮೇಲೆ ಸುಸನ್‌ಗೆ ಸಿಟ್ಟು ಬಂತು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಅಷ್ಟಕ್ಕೇ ನಿದ್ದೆ ಎಳೆಯಿತು. ಬೆಚ್ಚಿ ಕಣ್ಣು ಬಿಟ್ಟು, ಗೆಳತಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕುಳಿತಳು. "ಬೆನ್ನಿಗೆ ಹತ್ತು. ಗಟ್ಟಿ ಹಿಡ್ಕೊ."

ಉಪ್ಪುಮೂಟೆ ಹೊತ್ತು ಇಳಿದಳು. ಐಸಮ್ಮ ಸಪೂರ, ಆದರೂ ಹಿಮದಲ್ಲಿ ಕಾಲು ಜಾರಿ ಸುಸನ್ ಎರಡು ಸಲ ಮೊಣಕಾಲೂರಿ ಬಿದ್ದಳು. ಇನ್ನಾಗದು ಎನಿಸಿದಾಗಲೆಲ್ಲ ನಿಂತು, ಕಿವಿಯ ಹತ್ತಿರದ ಉಸಿರನ್ನು ಆಲಿಸುತ್ತಿದ್ದಳು. ಉಸಿರು ಇರುತ್ತಿತ್ತು. ಮತ್ತೆ ನಡೆಯುತ್ತಿದ್ದಳು. ರಸ್ತೆ ಕಂಡಾಗ ಕೂಗುವ ತ್ರಾಣವೂ ಉಳಿದಿರಲಿಲ್ಲ. ಪೊಲೀಸರೇ ನೋಡಿ ಓಡಿಬಂದರು.

ಸಂಜೆ, ರಾಸ್ ಅಲ್ ಖೈಮಾದ ಆಸ್ಪತ್ರೆಯಲ್ಲಿ, ಆದದ್ದು ಹೃದಯಾಘಾತ, ಸಮಯಕ್ಕೆ ತಂದದ್ದಕ್ಕೆ ಉಳಿದರು ಎಂದು ಡಾಕ್ಟರು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿನ ನರ್ಸ್ ಬಿಪಿ ನೋಡಲು ಬಂದಾಗ ಐಸಮ್ಮ ತುಟಿಯ ಮೇಲೆ ಬೆರಳಿಟ್ಟಳು. ಪಕ್ಕದ ಕುರ್ಚಿಯಲ್ಲಿ, ಒದ್ದೆ ಶೂಗಳನ್ನೂ ಬಿಚ್ಚದೆ, ಬಾಯಿ ತೆರೆದು ಸುಸನ್ ಮಲಗಿಬಿಟ್ಟಿದ್ದಳು.

"ನಂದು ಆಮೇಲೆ ನೋಡಿ ಸಿಸ್ಟರ್," ಐಸಮ್ಮ ಪಿಸುಗುಟ್ಟಿದಳು. "ಅವಳದ್ದು ಈಗಷ್ಟೇ ಡ್ಯೂಟಿ ಮುಗಿದದ್ದು."