ಗೊತ್ತಿಲ್ಲ ಎನ್ನುವ ಸಾಲು

"ನಮ್ಮ ಮನೆಯವಳಿಗೆ ಏನೂ ಆಗಲ್ಲ ಅಲ್ವಾ ಡಾಕ್ಟ್ರೇ?" ಆಸ್ಪತ್ರೆಯ ಬೆಂಚಿನಿಂದ ಎದ್ದು ನಿಂತು ದರ್ಜಿ ಕೇಳಿದ. "ಏನೂ ಆಗಲ್ಲ," ಎಂದು ತಿರುಗಿಯೂ ನೋಡದೆ ಹೇಳಿದ ಸರ್ಜನ್, ಕಂಪ್ಯೂಟರ್ ಕೋಣೆಗೆ ನುಗ್ಗಿದ. ಅಲ್ಲಿ ಕೂತಿದ್ದವಳು ಅವನ ಸ್ವಂತ ತಂಗಿ.

"ಆಪರೇಷನ್ನಿಗೆ ಎಲ್ಲ ರೆಡಿ. ನಿನ್ನ ಸ್ಟೈಲ್‌ಶೀಟ್ ಮಾತ್ರ ಮುಷ್ಕರ ಹೂಡಿದೆ!"

ಬೇರೆ ಬೇರೆ ಲ್ಯಾಬುಗಳಿಂದ ರಕ್ತಪರೀಕ್ಷೆಯ ಫೈಲುಗಳು ಒಂದೊಂದು ರೂಪದಲ್ಲಿ ಬರುತ್ತಿದ್ದವು. ಅವನ್ನೆಲ್ಲ ಒಂದೇ ಅಚ್ಚಿನ ಪುಟಕ್ಕೆ ಇಳಿಸುವುದು ಅವಳು ಬರೆದ ಸ್ಟೈಲ್‌ಶೀಟಿನ ಕೆಲಸ. ಏರುಪೇರಾದ ಅಂಕಿ ಪುಟದಲ್ಲಿ ಕೆಂಪಾಗುತ್ತಿತ್ತು. ಈಗ ತೆರೆಯ ಮೇಲೆ ದರ್ಜಿಯ ಹೆಂಡತಿಯ ಪುಟವೇ ಇಲ್ಲ, ಒಂದು ಸಾಲು ಮಾತ್ರ: 'ಈ ಫೈಲ್ ಯಾವ ಬಗೆಯದೋ ನನಗೆ ಗೊತ್ತಿಲ್ಲ.'

"ಗೊತ್ತಿಲ್ಲ ಅನ್ನೋಕೆ ಇಷ್ಟು ದೊಡ್ಡ ಕಂಪ್ಯೂಟರ್ ಬೇರೆ ಕೇಡು! ನಿನ್ನ ಹಳೇ ಸ್ಟೈಲ್‌ಶೀಟೇ ವಾಸಿ. ಬಾಯಿ ಮುಚ್ಕೊಂಡು ಪುಟ ಕೊಡ್ತಿತ್ತು."

"ಕೊಡ್ತಿತ್ತು ಅಣ್ಣಾ. ನೋಡ್ತೀಯಾ?" ಅವಳು ಅದೇ ಫೈಲನ್ನು ಹಳೆಯ ಸ್ಟೈಲ್‌ಶೀಟಿಗೆ ಕೊಟ್ಟಳು. ಕ್ಷಣದಲ್ಲಿ ಪುಟ ಬಂತು. ಎಲ್ಲೂ ಕೆಂಪಿಲ್ಲ.

"ನೋಡು, ಎಲ್ಲ ಸರಿಯಾಗೇ ಇದೆ!"

"ಅಂಕಿ ಎಲ್ಲಿದೆ, ತೋರಿಸು."

ಅವನು ಬಗ್ಗಿ ನೋಡಿದ. ಪ್ರತಿ ಪರೀಕ್ಷೆಯ ಮುಂದೆಯೂ ಖಾಲಿ. ಖಾಲಿ ಜಾಗ ಕೆಂಪಾಗುವುದಿಲ್ಲ.

"ಲ್ಯಾಬಿನವರು ಮಷೀನ್ ಬದಲಾಯಿಸಿರಬೇಕು. ಫೈಲ್ ಹೆಸರಿನ ಬಾಲ, ಅಂದ್ರೆ ಚುಕ್ಕಿ ಆದ್ಮೇಲಿನ ಅಕ್ಷರ, ಹಳೇದೇ ಇದೆ, ಒಳಗಿರೋದೇ ಬೇರೆ. ಹಳೇದು ಬಾಲ ನೋಡಿ ನಂಬ್ತಿತ್ತು. ಇದು ಒಳಗಿನ ಮೊದಲ ಸಾಲು ಓದುತ್ತೆ. ಗುರುತು ಸಿಕ್ಕದಿದ್ರೆ ನಿಲ್ಲುತ್ತೆ."

"ಹೀಗೆ ಬರಿ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ನೀನು ಕೆಂಪು ಮಾತ್ರ ನೋಡ್ತೀಯ ಅಂತ ಗೊತ್ತಿತ್ತಲ್ಲ."

ಅವಳು ಫೈಲ್ ಬಿಚ್ಚಿದಳು. ಒಳಗೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಅಂಕಿಗಳ ಸಾಲು. ಯಾವ ಅಂಕಿ ಯಾವ ಪರೀಕ್ಷೆಯದೆಂದು ಲ್ಯಾಬಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, ಈ ಹೊಸ ಬಗೆಗೂ ಒಂದು ನಿಯಮ ಸೇರಿಸಿದಳು. ಅಣ್ಣ ಕಾಲು ಕುಣಿಸುತ್ತಿದ್ದ. ಅವಳ ಬೆರಳುಗಳು ಮಾತ್ರ ಅವಸರಪಡಲಿಲ್ಲ.

ಪುಟ ಮೂಡಿತು. ಪೊಟ್ಯಾಸಿಯಂ ಕಡುಗೆಂಪು.

ಕುಣಿಯುತ್ತಿದ್ದ ಕಾಲು ನಿಂತಿತು. ಅರಿವಳಿಕೆ ಕೊಟ್ಟಿದ್ದರೆ ಆ ಹೆಂಗಸಿನ ಹೃದಯ ಮೇಜಿನ ಮೇಲೆಯೇ ನಿಂತುಹೋಗಬಹುದಿತ್ತು. ಅವನು ಫೋನ್ ಎತ್ತಿ, "ಈಗ ಆಪರೇಷನ್ ಬೇಡ. ಮೊದಲು ಪೊಟ್ಯಾಸಿಯಂ ಇಳಿಸೋಣ," ಎಂದ. ಆಮೇಲೆ ತಂಗಿಯ ತಲೆಯ ಮೇಲೊಮ್ಮೆ ಕೈಯಿಟ್ಟು ಹೊರಗೆ ಬಂದ.

ದರ್ಜಿ ಮತ್ತೆ ಎದ್ದ. "ಏನೂ ಆಗಲ್ಲ ಅಲ್ವಾ ಡಾಕ್ಟ್ರೇ?"

ಅಭ್ಯಾಸಬಲದಿಂದ ತೆರೆದ ಬಾಯಿ ಹಾಗೇ ಮುಚ್ಚಿತು.

"ಇನ್ನೂ ಗೊತ್ತಿಲ್ಲ ಕಣ್ರೀ," ಎಂದ ಸರ್ಜನ್. "ಕೂತ್ಕೊಳ್ಳಿ, ಇರೋದನ್ನ ಇದ್ದ ಹಾಗೆ ಹೇಳ್ತೀನಿ."

ದರ್ಜಿ ಬೆಂಚಿನ ತುದಿಗೆ ಸರಿದು ಅವನಿಗೆ ಜಾಗ ಮಾಡಿಕೊಟ್ಟ.