ಪಾರಿವಾಳದವನ ಸಾಕ್ಷಿ

“ದುಡ್ಡು ಇಡು, ಹಕ್ಕಿ ತಗೊಂಡು ಹೋಗು. ಸಹಿ ಹಾಕಿದೀಯಲ್ಲ, ಓದ್ಕೋ,” ಎನ್ನುತ್ತ ಪ್ರಾಣಿಗಳ ಆಸ್ಪತ್ರೆಯ ಮಾಲೀಕ ಫವ್ವಾಜ್ ಕಾಗದವನ್ನು ಮುಂದೆ ತಳ್ಳಿದ.

ಅಬು ಗಾಲಿಬ್ ಓದಲಿಲ್ಲ. ಪಂಜರದಲ್ಲಿದ್ದ ತನ್ನ ಪಾರಿವಾಳ ಲೂಲುವನ್ನೇ ನೋಡುತ್ತಿದ್ದ. ಗಿಡುಗ ಸೀಳಿದ್ದ ಅವಳ ಎದೆಗೆ ಡಾಕ್ಟರ್ ರುಬಾ ಹಾಕಿದ ಹೊಲಿಗೆ ಚೆನ್ನಾಗಿ ಕೂಡಿಕೊಂಡಿತ್ತು. ಆದರೆ ಚಿಕಿತ್ಸೆಯ ತೊಂಬತ್ತು ದಿನಾರ್ ಇವತ್ತೇ ಎಲ್ಲಿಂದ ತರುವುದು? ಮನೆಯ ತಾರಸಿಯಲ್ಲಿ ಅವಳ ಜೋಡಿ ಮೂರು ದಿನದಿಂದ ತಾನೊಂದೇ ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು, ಕಾಳು ಮುಟ್ಟಿರಲಿಲ್ಲ. ಹಸಿವು ತಾಳದೆ ಅದೂ ಎದ್ದುಬಿಟ್ಟರೆ ಒಳಗಿನ ಮರಿಗಳ ಕಥೆ ಮುಗಿದಂತೆ.

“ಬಾಕಿ ಇದ್ರೆ ನನ್ನನ್ನ ಕೋರ್ಟಿಗೆ ಎಳಿಯಪ್ಪ. ಜೀವ ಒತ್ತೆ ಇಟ್ಕೊಳ್ಳೋ ಹಕ್ಕು ನಿಂಗ್ಯಾರು ಕೊಟ್ರು? ತಿಂಗಳಿಗೆ ಹತ್ತರಂತೆ ಕೊಡ್ತೀನಿ, ದೇವರಾಣೆ!”

“ಪಾರಿವಾಳ ಹಾರಿಸೋರ ಆಣೆ! ಊರವರ ಹಕ್ಕಿ ಹಿಡಿದು ನಮ್ದೇ ಅನ್ನೋ ಜನ ನೀವು. ನಿಮ್ಮ ಸಾಕ್ಷೀನ ಕಾಜೀನೂ ಒಪ್ಪಲ್ಲ, ಗೊತ್ತಾ?” ಫವ್ವಾಜ್ ನಗುತ್ತ ಕಾಫಿ ತರಲು ಕೆಳಗಿಳಿದ.

ಗೊತ್ತಿಲ್ಲದೆ ಏನು! ತಮ್ಮನ ಮಗಳ ನಿಕಾಹ್‌ನಲ್ಲಿ ಸಾಕ್ಷಿಗೆ ಇವನನ್ನು ಬಿಟ್ಟು ತರಕಾರಿಯವನನ್ನು ಕರೆದಿದ್ದರು. ಮೂವತ್ತು ವರ್ಷ ಪಾರಿವಾಳ ಸಾಕಿದ್ದಕ್ಕೆ ಸಿಕ್ಕ ಮರ್ಯಾದೆ ಅದು.

ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರುಬಾ ಪಂಜರ ತೆರೆದು ಲೂಲುವನ್ನು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. “ನಿಮ್ಮ ತಾರಸಿ ಯಾವುದು ದೊಡ್ಡಪ್ಪಾ?”

ಅಬು ಗಾಲಿಬ್ ಎದುರು ಗುಡ್ಡದತ್ತ ಬೆರಳು ತೋರಿಸಿದ. ಆಕೆ ಕೈ ಬಿಟ್ಟಳು. ಲೂಲು ಅಮ್ಮಾನ್ ನಗರದ ಬಿಸಿಲಿನಲ್ಲಿ ಒಂದು ಸುತ್ತು ಹಾಕಿ ನೆಟ್ಟಗೆ ಮನೆಯ ದಾರಿ ಹಿಡಿದಳು. ಮುದುಕನ ಕಣ್ಣು ತುಂಬಿ ಬಂತು.

“ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ! ಆದ್ರೆ ನಿನ್ನ ಕೆಲಸ?”

ಅಷ್ಟರಲ್ಲಿ ಫವ್ವಾಜ್ ಬಂದೇಬಿಟ್ಟ. “ಹಕ್ಕಿ ಎಲ್ಲಿ? ಯಾರು ಬಿಟ್ಟಿದ್ದು?”

ರುಬಾಳ ಮುಖ ಬಿಳಿಚಿಕೊಂಡಿತು. ಹಕ್ಕಿ ತಾನೇ ಹಾರಿಹೋಯಿತು ಎನ್ನೋಣವೇ ಎಂದು ಅಬು ಗಾಲಿಬ್ ಯೋಚಿಸಿದ. ತಾನು ಏನು ಹೇಳಿದರೂ ಈ ಮನುಷ್ಯ ಅದರ ಉಲ್ಟಾ ನಂಬುವವನು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ.

“ಡಾಕ್ಟರಮ್ಮನೇ ಬಿಟ್ಟಿದ್ದು. ಕಣ್ಣಾರೆ ಕಂಡೆ. ಬೇಕಾದ್ರೆ ಕುರಾನ್ ಮುಟ್ಟಿ ಹೇಳ್ತೀನಿ.”

“ಥೂ, ಸುಳ್ಳುಬುರುಕ! ನೀನೇ ಬಿಟ್ಟು, ಜೀವ ಉಳಿಸಿದವಳ ಮೇಲೇ ಗೂಬೆ ಕೂರಿಸ್ತೀಯಲ್ಲೋ! ನೀವು ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಇವನನ್ನ ಕೋರ್ಟಿಗೇ ಎಳೀತೀನಿ!”

“ಎಳಿಯಪ್ಪ, ಅದು ನಿನ್ನ ಹಕ್ಕು,” ಎಂದ ಅಬು ಗಾಲಿಬ್. ಮೂವತ್ತು ವರ್ಷದಲ್ಲಿ ಮೊದಲ ಸಲ ತನ್ನ ಕೆಟ್ಟ ಹೆಸರಿಗಾಗಿ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ. ಬಾಗಿಲು ದಾಟುವಾಗ ಹಿಂತಿರುಗಿ ರುಬಾಳನ್ನು ನೋಡಿದ.

“ಹೆದರಬೇಡಮ್ಮ. ಅಲ್ಲೂ ನಿಜವನ್ನೇ ಹೇಳ್ತೀನಿ.”